ಪದ ಪರಿಚಯ: ಮೀನು ಏಣಿ

ಕಳೆದ ವಾರ ಮೂರನೇ ಸಲ ಅದೇ ವಿಡಿಯೊ ನನ್ನ ಫೋನಿಗೆ ಬಂತು. ಉದ್ದನೆಯ ಮೆತ್ತನೆ ಕೊಳವೆ. ಅದರೊಳಗೆ ಸಾಲ್ಮನ್ ಮೀನು ಸರ್ರನೆ ಸಾಗಿ ಅಣೆಕಟ್ಟಿನ ಆಚೆ ನೀರಿಗೆ ಬೀಳುತ್ತದೆ. ಕೆಳಗೆ ಒಂದು ಸಾಲು: ‘ಮೀನು ಏಣಿ ಬಂತು, ನಮ್ಮ ಕಾಳಿಗೂ ಒಂದು ಹಾಕಿಸಿ.’ ಕಳಿಸಿದವರು ಕಾರವಾರದ ಕಡೆಯವರು, ಕಾಳಿ ನದಿಯ ಬಗ್ಗೆ ನಿಜವಾದ ಕಾಳಜಿ ಇರುವವರು. ಅದಕ್ಕೇ ಸುಮ್ನೆ ಇರಲು ಆಗಲಿಲ್ಲ. ಅದು ಏಣಿ ಅಲ್ಲ. ಅಣೆಕಟ್ಟು, ಮೀನು ಎರಡೂ ಒಟ್ಟಿಗೆ ಕಂಡ ಕೂಡಲೇ ‘ಏಣಿ’ ಎಂದು ಬರೆದುಬಿಡುವುದು ಈಗ ಅಭ್ಯಾಸವಾಗಿಬಿಟ್ಟಿದೆ.

ಏಣಿ ಎಂಬ ಹೆಸರು ಇಂಗ್ಲಿಷಿನಿಂದ ಹಾಗೇ ಎತ್ತಿಕೊಂಡದ್ದು. ನಿಜವಾದ ಮೀನು ಏಣಿ ಎಂದರೆ, ಹೊಳೆ ಏರಿ ಬರುವ ಮೀನು ಅಣೆಕಟ್ಟು ದಾಟಲೆಂದು ಕಟ್ಟಿದ, ಮೆಟ್ಟಿಲಿನ ಹಾಗೆ ಒಂದಕ್ಕಿಂತ ಒಂದು ಮೇಲಿರುವ ನೀರಿನ ತೊಟ್ಟಿಗಳ ಸಾಲು. ಮೇಲಿನ ತೊಟ್ಟಿಯಿಂದ ಕೆಳಗಿನದಕ್ಕೆ ನೀರು ಸುರಿಯುತ್ತಿರುತ್ತದೆ, ಮೀನು ಆ ನೀರಿಗೆ ಎದುರಾಗಿ ಈಜಿಯೋ ಹಾರಿಯೋ ಒಂದೊಂದೇ ತೊಟ್ಟಿ ದಾಟುತ್ತದೆ, ದಣಿದರೆ ನಡುವೆ ನಿಂತು ಸುಧಾರಿಸಿಕೊಳ್ಳುತ್ತದೆ. ಸ್ಕಾಟ್ಲೆಂಡಿನ ಪಿಟ್ಲಾಕ್ರಿ ಅಣೆಕಟ್ಟಿನಲ್ಲಿ ಇಂಥ 34 ತೊಟ್ಟಿಗಳಿವೆ. ಅಮೆರಿಕದ ಕೊಲಂಬಿಯಾ ನದಿಯ ಬಾನವಿಲ್ ಅಣೆಕಟ್ಟಿಗೆ 1938ರಲ್ಲೇ ಏಣಿ ಇತ್ತು. ಇಲ್ಲಿ ಮೀನು ತನ್ನ ಶಕ್ತಿಯಿಂದ ತಾನೇ ಹತ್ತುತ್ತದೆ. ವಿಡಿಯೊದ ಕೊಳವೆಯಲ್ಲಿ ಅದನ್ನು ಎತ್ತಿ ಹಾಕಲಾಗುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಹೇಗೆ?

ಬೇಸರದ ವಿಷಯ ಏನೆಂದರೆ, ಇದಕ್ಕೆ ನಮ್ಮ ಹತ್ತಿರ ಒಳ್ಳೆಯ ಮಾತು ಮೊದಲಿನಿಂದಲೂ ಇದೆ. ನೀರಿಗೆ ಎದುರಾಗಿ ಮೇಲೇರಿ ಬರುವ ಮೀನಿಗೆ ಮಲೆನಾಡಿನಲ್ಲಿ ‘ಹತ್ತು ಮೀನು’ ಅನ್ನುತ್ತಾರೆ. ಪೇಟೆಯ ಮಕ್ಕಳಿಗೆ ಹೇಳಿದರೆ ಎಣಿಕೆಯ ಹತ್ತು ಅಂದುಕೊಳ್ಳುತ್ತಾರೆ. ಎಣಿಕೆಯ ಹತ್ತೂ ಏರುವ ಹತ್ತೂ ಹಳಗನ್ನಡದಲ್ಲಿ ‘ಪತ್ತು’ ಆಗಿದ್ದವು. ಆಮೇಲೆ ಪಕಾರ ಹಕಾರವಾಯಿತು, ಎರಡೂ ಒಂದೇ ರೂಪದಲ್ಲಿ ಉಳಿದವು. ಆದರೆ ಏರುವ ‘ಹತ್ತು’ ಬರೀ ಏರುವುದಲ್ಲ. ಅಂಟಿಕೊಳ್ಳುವುದೂ ಹತ್ತುವುದೇ. ಅನ್ನ ತಳ ಹತ್ತುತ್ತದೆ, ಬೆಂಕಿ ಹತ್ತುತ್ತದೆ, ಬಸ್ಸು ಹತ್ತುತ್ತೇವೆ, ಮರ ಹತ್ತುತ್ತೇವೆ. ಹಿಡಿದುಕೊಂಡು, ಬಿಡದೆ, ಮೇಲಕ್ಕೆ ಹೋಗುವುದು ಎಂಬ ಅರ್ಥ ಆ ಒಂದು ಕ್ರಿಯಾಪದದೊಳಗೇ ಇದೆ. ಹಾವು ಮೀನಿನ ಮರಿ ಒದ್ದೆ ಬಂಡೆಗೆ ಮೈ ಅಂಟಿಸಿಕೊಂಡು ತೆವಳುತ್ತಾ ಮೇಲೇರುವುದನ್ನು ಹೇಳಲು ಇದಕ್ಕಿಂತ ಸರಿಯಾದ ಪದ ನನಗೆ ಗೊತ್ತಿಲ್ಲ. ಬ್ರೆಜಿಲಿನಲ್ಲೂ ಇಂಥದೇ ಒಂದು ಮಾತಿದೆ, ‘ಪಿರಸೆಮ’. ಅಲ್ಲಿನ ಮೂಲನಿವಾಸಿಗಳ ತುಪಿ ಭಾಷೆಯಲ್ಲಿ ‘ಪಿರಾ’ ಅಂದರೆ ಮೀನು, ‘ಸೆಮಾ’ ಅಂದರೆ ಹೊರಡುವುದು. ಇಟಾಯ್ಪು ಅಣೆಕಟ್ಟಿನ ಪಕ್ಕ ಮೀನಿಗಾಗಿ ಸುಮಾರು 10 ಕಿಲೋಮೀಟರ್ ಉದ್ದದ ಕಾಲುವೆ ಮಾಡಿ, 120 ಮೀಟರ್ ಎತ್ತರ ಏರುವಂತೆ ಮಾಡಿ, 2002ರಲ್ಲಿ ನೀರು ಬಿಟ್ಟಾಗ ಅವರು ಇಂಗ್ಲಿಷಿನ ಏಣಿಯನ್ನು ತರಲಿಲ್ಲ. ಪಿರಸೆಮ ಕಾಲುವೆ ಎಂದೇ ಕರೆದರು.

ಹತ್ತು ಮೀನನ್ನು ನಾನು ಮೊದಲು ನೋಡಿದ್ದು ಸಿದ್ದಾಪುರದ ಹತ್ತಿರ ಅಜ್ಜನ ಮನೆಯಲ್ಲಿ. ಮೃಗಶಿರಾ ಮಳೆ ಹಿಡಿದು ಹಳ್ಳ ಕೆಂಪಾಗಿತ್ತು. ಗದ್ದೆಯ ಅಂಚಿನಲ್ಲಿ ನೀರು ಹಳ್ಳಕ್ಕೆ ಇಳಿಯಲು ಎರಡು ಕಂಡಿ. ಒಂದರಲ್ಲಿ ನೀರು ತೆಳ್ಳಗೆ ಜಾರುತ್ತಿತ್ತು, ಇನ್ನೊಂದರಲ್ಲಿ ಧೋ ಎಂದು ಬೀಳುತ್ತಿತ್ತು. ಮೀನು ಹಿಡಿಯುವ ಬಿದಿರಿನ ಬುಟ್ಟಿ ಕೂಣಿಯನ್ನು ನಾನು ತೆಳ್ಳಗಿನ ನೀರಿಗೆ ಇಡಲು ಹೋದೆ, ಅಲ್ಲಿ ಮೀನಿಗೆ ಏರುವುದು ಸುಲಭ ಎಂಬ ಲೆಕ್ಕ. ಸೋದರಮಾವ ಬೇಡ ಎಂದರು. ‘ಅಲ್ಲಿ ಅಲ್ಲ ತಮಾ, ನೀರು ಎಲ್ಲಿ ಜಾಸ್ತಿ ಸದ್ದು ಮಾಡ್ತದೋ ಅಲ್ಲಿ ಇಡು. ಮೀನು ನೀರಿನ ಎದುರಿಗೇ ಹೋಗ್ತದೆ.’ ಬೆಳಿಗ್ಗೆ ಕೂಣಿ ಎತ್ತಿದಾಗ ಬೆರಳುದ್ದದ ಮೀನುಗಳು ಒಳಗೆ ಪಟಪಟ ಬಡಿಯುತ್ತಿದ್ದವು. ತೆಳ್ಳಗಿನ ಕಂಡಿಯ ಬಳಿ ಒಂದೂ ಇರಲಿಲ್ಲ.

ಮಾವನ ಆ ಮಾತೇ ಇವತ್ತು ಅಣೆಕಟ್ಟಿನ ಎಂಜಿನಿಯರುಗಳಿಗೆ ದೊಡ್ಡ ತಲೆನೋವು. ಏಣಿ ಎಷ್ಟೇ ಚೆನ್ನಾಗಿರಲಿ, ಅದರ ಬಾಯಿಂದ ಬರುವ ನೀರು ಕಡಿಮೆ. ಟರ್ಬೈನಿನಿಂದ ಹೊರಬರುವ ನೀರು ಜಾಸ್ತಿ. ಮೀನು ಟರ್ಬೈನಿನ ನೀರಿನ ಎದುರೇ ಮುಖ ಮಾಡಿ ನಿಲ್ಲುತ್ತದೆ, ಏಣಿಯ ಬಾಗಿಲು ಪಕ್ಕದಲ್ಲೇ ಇದ್ದರೂ ಅತ್ತ ತಿರುಗುವುದಿಲ್ಲ. ಅದಕ್ಕೆ ಬಾಗಿಲಿನ ಬಳಿ ಬೇರೆಯಾಗಿ ಜೋರು ನೀರು ಬಿಡಬೇಕು. ‘ಕರೆಯುವ ನೀರು’ ಅನ್ನಬಹುದು ಅದಕ್ಕೆ. ಕಾಳಿಯಲ್ಲಿ ಇದು ಇನ್ನೂ ಸಿಕ್ಕು. ಬೊಮ್ಮನಹಳ್ಳಿಯಲ್ಲಿ ಕಟ್ಟಿದ ನೀರು ನದಿಯ ಪಾತ್ರ ಬಿಟ್ಟು ಸುರಂಗದಲ್ಲಿ ನಾಗಝರಿ ವಿದ್ಯುತ್ ಮನೆಗೆ ಹೋಗುತ್ತದೆ. ಕೆಳಗಿನಿಂದ ಬರುವ ಮೀನು ಹುಡುಕುವುದು ದೊಡ್ಡ ನೀರನ್ನು. ಆ ನೀರು ಅಣೆಕಟ್ಟಿನ ಬುಡದಲ್ಲಿ ಬೀಳುವುದೇ ಇಲ್ಲ, ಎಷ್ಟೋ ಕೆಳಗೆ ವಿದ್ಯುತ್ ಮನೆಯ ಬಾಯಲ್ಲಿ ಬೀಳುತ್ತದೆ. ಅಂದಮೇಲೆ ಏಣಿ ಎಲ್ಲಿ ಕಟ್ಟುತ್ತೀರಿ?

ಈಗ ಆ ಕೊಳವೆ. ವೂಶ್ ಎಂಬ ಅಮೆರಿಕದ ಕಂಪನಿಯದು, ಮೊದಲು ಸೇಬು ಹಣ್ಣು ಜಜ್ಜದಂತೆ ಸಾಗಿಸಲು ಹುಡುಕಿದ ಉಪಾಯ. ಮೀನಿನ ಹಿಂದೆ ಗಾಳಿಯ ಒತ್ತಡ ಸ್ವಲ್ಪ ಜಾಸ್ತಿ, ಮುಂದೆ ಸ್ವಲ್ಪ ಕಡಿಮೆ. ಮೆತ್ತನೆ ಕೊಳವೆ ಮೀನಿನ ಮೈಗೆ ಹೊಂದಿಕೊಂಡು ಅದನ್ನು ಮುಂದಕ್ಕೆ ಜಾರಿಸುತ್ತದೆ, ಒಳಗೆ ನೀರು ಸಿಂಪಡಿಸಿ ಒದ್ದೆ ಇಟ್ಟಿರುತ್ತಾರೆ. ಬಾಗಿಲಲ್ಲಿ ಕ್ಯಾಮೆರಾ ಮೀನಿನ ಅಳತೆ ನೋಡಿ ಸರಿಯಾದ ಕೊಳವೆಗೆ ಕಳಿಸುತ್ತದೆ. 2019ರಲ್ಲಿ ಕೊಲಂಬಿಯಾ ನದಿಯ ಚೀಫ್ ಜೋಸೆಫ್ ಅಣೆಕಟ್ಟಿನಲ್ಲಿ ಪ್ರಯೋಗ ಮಾಡಿದರು. ಮರುವರ್ಷ ಕೆನಡಾದ ಫ್ರೇಸರ್ ನದಿಯಲ್ಲಿ ಗುಡ್ಡ ಕುಸಿದು ದಾರಿ ಕಟ್ಟಿದ್ದ ಜಾಗದಲ್ಲಿ ತುರ್ತಾಗಿ ಹಾಕಿದರು. ಉಪಾಯ ಒಳ್ಳೆಯದೇ, ನನಗೆ ಅದರ ಮೇಲೆ ತಕರಾರಿಲ್ಲ. ಆದರೆ ಅದನ್ನು ಅಳೆದು ಹೊಲಿದದ್ದು ಸಾಲ್ಮನ್ನಿಗೆ. ದೊಡ್ಡ ಮೀನು, ಒಂದೇ ಹಂಗಾಮಿನಲ್ಲಿ ಗುಂಪಾಗಿ ಬರುತ್ತದೆ, ಹಾರುತ್ತದೆ. ನಮ್ಮ ಹೊಳೆಯ ಬೆರಳುದ್ದದ ಮೀನಿನಿಂದ ಮೊಳದುದ್ದದ ಮಹಶೀರ್ ವರೆಗೆ ಎಲ್ಲವೂ ಅದರಲ್ಲಿ ಹೋಗುತ್ತವೆ ಎಂದುಕೊಳ್ಳುವುದು ತಪ್ಪು.

ಇನ್ನು ‘ಏಣಿ’ ಎಂಬ ಪದ ಮಾಡುವ ದೊಡ್ಡ ಮೋಸ. ಏಣಿ ಅಂದ ಕೂಡಲೇ ಮನಸ್ಸು ಮೇಲಕ್ಕೆ ನೋಡುತ್ತದೆ. ಇಳಿಯುವುದು ಮರೆತೇ ಹೋಗುತ್ತದೆ. ಪಶ್ಚಿಮ ಘಟ್ಟದ ಹೊಳೆಗಳ ಹಾವು ಮೀನನ್ನೇ ನೋಡಿ. ಅದು ಹುಟ್ಟುವುದು ಸಮುದ್ರದಲ್ಲಿ. ಗಾಜಿನಂಥ ಮರಿಯಾಗಿ ಅಳಿವೆಗೆ ಬಂದು, ಹೊಳೆ ಹತ್ತಿ, ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು, ಕೊನೆಗೆ ಜೀವನದಲ್ಲಿ ಒಂದೇ ಸಲ ಮೊಟ್ಟೆ ಇಡಲು ಮತ್ತೆ ಸಮುದ್ರಕ್ಕೆ ಇಳಿಯುತ್ತದೆ. ಹತ್ತುವಾಗ ಕಡ್ಡಿಯಷ್ಟು ಸಣ್ಣದು, ಇಳಿಯುವಾಗ ತೋಳುದ್ದದ ಮೀನು. ಇಳಿಯುವ ದಾರಿ ಟರ್ಬೈನ್ ಆದರೆ ಅದರ ತಿರುಗುವ ರೆಕ್ಕೆಯ ಏಟು ಬೀಳುತ್ತದೆ. ಏಟು ತಪ್ಪಿದರೂ ಒತ್ತಡ ಥಟ್ಟನೆ ಇಳಿಯುವುದರಿಂದ ಎಷ್ಟೋ ಜಾತಿಯ ಮೀನುಗಳ ಹೊಟ್ಟೆಯ ಗಾಳಿಚೀಲ ಉಬ್ಬಿ ಒಡೆಯುತ್ತದೆ. ಬ್ರೆಜಿಲಿನ ಸಂಶೋಧಕರು 2008ರಲ್ಲೇ ಎಚ್ಚರಿಸಿದ್ದರು: ಮೇಲೆ ಹೋದ ಮೀನಿಗೆ ಮೊಟ್ಟೆ ಇಡಲು ಜಾಗವಿಲ್ಲದೆ, ಕೆಳಗೆ ಬರಲು ದಾರಿಯೂ ಇಲ್ಲದಿದ್ದರೆ ಅದು ದಾರಿಯಲ್ಲ, ಬಲೆ. ನಮ್ಮ ಕೂಣಿ ಕೂಡ ಅದೇ ಅಲ್ವಾ? ಒಳಗೆ ಹೋಗಬಹುದು, ಹೊರಗೆ ಬರಲಾಗದು.

ಹಾಗಾಗಿ ಹೊಸ ಕೆಲಸದಲ್ಲಿ ಮುಖ್ಯವಾದ ಒಂದು ಭಾಗ ಇಳಿಯುವ ದಾರಿಯಲ್ಲಿ ನಡೆಯುತ್ತಿದೆ, ಅದು ವಿಡಿಯೊದಲ್ಲಿ ಬರುವುದಿಲ್ಲ. ರೆಕ್ಕೆಯ ಮುಂದಿನ ಅಂಚು ದಪ್ಪ ಇರುವ ಟರ್ಬೈನುಗಳನ್ನು ಜೀವಂತ ಹಾವು ಮೀನು ಬಿಟ್ಟು ಪರೀಕ್ಷಿಸಿದ್ದಾರೆ. ಗೇಣಿಗಿಂತ ಸಣ್ಣ ಪ್ಲಾಸ್ಟಿಕ್ ಕೊಳವೆಯೊಳಗೆ ಉಪಕರಣ ತುಂಬಿ ಟರ್ಬೈನಿನ ಮೂಲಕ ಕಳಿಸುತ್ತಾರೆ, ಒತ್ತಡ ಎಷ್ಟು ಇಳಿಯಿತು, ಏಟು ಎಲ್ಲಿ ಬಿತ್ತು ಎಂದು ಅದು ಬರೆದುಕೊಂಡು ಬರುತ್ತದೆ. ನಿಜವಾದ ಮೀನಿನ ಮೈಯೊಳಗೆ ಅಕ್ಕಿಕಾಳಿನಷ್ಟು ಗುರುತಿನ ಚಿಪ್ ಇಟ್ಟು, ದಾರಿಯ ಆಚೀಚೆ ಆಂಟೆನಾ ಹಾಕಿ, ಯಾವುದು ಎಲ್ಲಿ ದಾಟಿತು ಎಂದು ಲೆಕ್ಕ ಇಡುತ್ತಾರೆ.

ಈ ಲೆಕ್ಕವನ್ನೂ ನೋಡಿ ಓದಬೇಕು. ಅಣೆಕಟ್ಟಿನ ಬುಡಕ್ಕೆ 100 ಮೀನು ಬಂದವು ಎಂದುಕೊಳ್ಳಿ. 20 ಮೀನಿಗೆ ಬಾಗಿಲು ಸಿಕ್ಕಿತು, ಆ 20ರಲ್ಲಿ 18 ಮೇಲೆ ತಲುಪಿದವು. ಸುದ್ದಿಯಲ್ಲಿ ‘ಶೇ 90 ಯಶಸ್ಸು’ ಎಂದು ಬರುತ್ತದೆ. ನದಿಯ ಲೆಕ್ಕದಲ್ಲಿ ಅದು 18. ಆ 18ರಲ್ಲಿ ಮೊಟ್ಟೆ ಇಟ್ಟವು ಎಷ್ಟು, ಮರಿಗಳು ಕೆಳಗೆ ಬಂದವು ಎಷ್ಟು ಎಂಬುದು ಮತ್ತೂ ಬೇರೆ ಲೆಕ್ಕ. ಯಾವ ಯಂತ್ರದ ಸುದ್ದಿ ಓದಿದರೂ ನಾನು ಮೊದಲು ಹುಡುಕುವುದು ಎಷ್ಟರಲ್ಲಿ ಎಷ್ಟು ಎಂಬುದನ್ನು.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬಂದರೆ ಒಂದೊಂದು ಹೊಳೆಯದೂ ಒಂದೊಂದು ಕತೆ. ಶರಾವತಿಯಲ್ಲಿ ಗೇರುಸೊಪ್ಪೆಯ ಕಟ್ಟೆ ಜೋಗದ ಕೆಳಗಿದೆ, ಲಿಂಗನಮಕ್ಕಿ ಮೇಲಿದೆ. ಜೋಗದ 253 ಮೀಟರ್ ಧುಮುಕು ಮೀನನ್ನು ತಡೆಯಲು ಶುರುಮಾಡಿದ್ದು ನಿನ್ನೆಯಲ್ಲ. ಹಾಗಾಗಿ ಸಮುದ್ರದಿಂದ ಬರುವ ಮೀನಿನ ಮಾತು ಆಡುವುದಾದರೆ ಗೇರುಸೊಪ್ಪೆಯ ಬಗ್ಗೆ ಆಡಬೇಕು. ಕಾಳಿಯಲ್ಲಿ ಕೆಳಗಿನಿಂದ ಕದ್ರಾ, ಕೊಡಸಳ್ಳಿ, ಬೊಮ್ಮನಹಳ್ಳಿ, ಸೂಪಾ ಅಣೆಕಟ್ಟುಗಳು. ಸೂಪಾ ಒಂದೇ 101 ಮೀಟರ್ ಎತ್ತರ. ತೊಟ್ಟಿಗೆ ಒಂದು ಅಡಿಯಂತೆ ಏರಿಸಿದರೂ 300ಕ್ಕಿಂತ ಜಾಸ್ತಿ ತೊಟ್ಟಿ ಬೇಕು. ಅಘನಾಶಿನಿಗೆ ಅಡ್ಡ ದೊಡ್ಡ ಅಣೆಕಟ್ಟೇ ಇಲ್ಲ, ತದಡಿಯಲ್ಲಿ ಒಳಗೆ ಬಂದ ಮರಿಗೆ ಉಂಚಳ್ಳಿ ಜಲಪಾತದ ಕಡೆ ಹೊರಡಲು ಯಾರ ಯಂತ್ರವೂ ಬೇಡ.

ಹೆಸರಿನ ಮಾತು ಮುಗಿಸುತ್ತೇನೆ. ತೊಟ್ಟಿಗಳ ಸಾಲಾದರೆ ಮೀನು ಏಣಿ ಅನ್ನಿ. ಕೊಳವೆಯಾದರೆ ಮೀನು ಕೊಳವೆ. ನೀರು ತುಂಬಿದ ತೊಟ್ಟಿಯಲ್ಲಿ ಎತ್ತುವುದಾದರೆ ಮೀನು ಲಿಫ್ಟ್. ಎಲ್ಲವನ್ನೂ ಸೇರಿಸಿ ಹೇಳುವಾಗ ‘ಮೀನುದಾರಿ’, ಅದರಲ್ಲಿ ಹೋಗುವುದೂ ಇದೆ, ಬರುವುದೂ ಇದೆ. ಕಾಳಿಗೆ ಒಂದು ಹಾಕಿಸಿ ಎಂದು ಮನವಿ ಬರೆಯುವವರು ಯಂತ್ರದ ಹೆಸರಿಗಿಂತ ಮೊದಲು ಮೀನಿನ ಹೆಸರು ಬರೆಯಿರಿ. ಹಾವು ಮೀನಿಗೆ ಅಂತಾದರೆ ಕೊಳವೆ ಬೇಡ. ಕುಂಚದ ಕೂದಲು ನೆಟ್ಟ, ಸದಾ ನೀರು ಜಿನುಗುವ ಒಂದು ಇಳಿಜಾರು ಹಲಗೆ ಸಾಕು, ಮರಿ ಅದಕ್ಕೆ ಅಂಟಿಕೊಂಡು ಹತ್ತುತ್ತದೆ. ಅದರ ಜೊತೆಗೇ, ಅದೇ ಕಾಗದದಲ್ಲಿ, ಇಳಿದು ಬರುವ ದೊಡ್ಡ ಮೀನು ಟರ್ಬೈನಿನ ಬಾಯಿಗೆ ಹೋಗದ ಹಾಗೆ ಒತ್ತಾದ ಸರಳುಗಳ ಜಾಲರಿ, ಪಕ್ಕದಲ್ಲಿ ಇಳಿಯಲು ಒಂದು ಕಂಡಿ ಕೇಳಿ.