ಮಿಡ್‌ಹೌ ಕಲ್ಲುಗೋರಿ ಯಾವ ರಾಜನದು?

ಪ್ರಶ್ನೆ: ಸ್ಕಾಟ್ಲೆಂಡಿನ ರೌಸೇ ದ್ವೀಪದಲ್ಲಿ 5,000 ವರ್ಷಕ್ಕೂ ಹಳೆಯದಾದ ದೊಡ್ಡ ಕಲ್ಲುಗೋರಿ ಇದೆಯಂತೆ. ಅಷ್ಟು ದೊಡ್ಡದೆಂದರೆ ಯಾವುದೋ ರಾಜನದೇ ಇರಬೇಕು, ಅಲ್ವಾ?

ರಾಜನದಲ್ಲ. ಪಿರಮಿಡ್ ನೋಡಿದವರಿಗೆ ಹಾಗೆ ಅನಿಸುವುದು ಸಹಜ. ಆದರೆ ಓರ್ಕ್ನಿ ದ್ವೀಪಗಳಲ್ಲಿರುವ ಈ ಗೋರಿ ಗೀಜಾದ ಮಹಾ ಪಿರಮಿಡ್‌ಗಿಂತ ಸುಮಾರು 1,000 ವರ್ಷ ಹಳೆಯದು. ಕಟ್ಟಿದವರು ಬೇಸಾಯ ಮಾಡಿಕೊಂಡು, ದನ ಕುರಿ ಸಾಕಿಕೊಂಡಿದ್ದ ಜನ. ಲೋಹ ಅವರಿಗಿನ್ನೂ ಗೊತ್ತಿರಲಿಲ್ಲ.

ಒಳಗೆ ಏನಿದೆ ಅಂತ ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ. ಸುಮಾರು 23 ಮೀಟರ್ ಉದ್ದದ ಒಂದೇ ಕೋಣೆ, ತುಂಬಾ ಕಿರಿದು. ಎರಡೂ ಬದಿಗೆ ನಿಲ್ಲಿಸಿದ ಚಪ್ಪಡಿಗಳು ಅದನ್ನು 12 ಜೋಡಿ ಅಂಕಣಗಳಾಗಿ ಭಾಗ ಮಾಡಿವೆ, ಕೊಟ್ಟಿಗೆಯಲ್ಲಿ ದನಗಳಿಗೆ ಜಾಗ ಬಿಡಿಸಿದ ಹಾಗೆ. ಕೆಲವು ಅಂಕಣಗಳಲ್ಲಿ ತಗ್ಗಾದ ಕಲ್ಲಿನ ಕಟ್ಟೆಗಳಿವೆ. 1932-33ರಲ್ಲಿ ಅಗೆದಾಗ ಒಟ್ಟು 25 ಜನರ ಮೂಳೆ ಸಿಕ್ಕವು. ದೊಡ್ಡವರು, ಹದಿಹರೆಯದವರು, ಪುಟ್ಟ ಮಕ್ಕಳು ಎಲ್ಲರೂ ಇದ್ದರು. ಚಿನ್ನವಿಲ್ಲ, ಒಬ್ಬರಿಗೇ ಮೀಸಲಾದ ಜಾಗವಿಲ್ಲ.

ನನ್ನನ್ನು ತುಂಬಾ ಕಾಡುವುದು ಆ ಮೂಳೆಗಳಿದ್ದ ರೀತಿ. ಕೆಲವರು ಮೊಣಕಾಲು ಮಡಚಿ ಪಕ್ಕಕ್ಕೆ ಮಲಗಿದ್ದರು. ಇನ್ನು ಕೆಲವರ ಮೂಳೆಗಳನ್ನು ಯಾರೋ ಒಟ್ಟುಮಾಡಿ ರಾಶಿ ಇಟ್ಟಿದ್ದರು. ಅಂದರೆ ಹೂತು ಮರೆತದ್ದಲ್ಲ. ಬದುಕಿದ್ದವರು ಮತ್ತೆ ಮತ್ತೆ ಒಳಗೆ ಬಂದು, ತಮ್ಮವರ ಮೂಳೆಗಳನ್ನು ಕೈಯಾರೆ ಎತ್ತಿಡುತ್ತಿದ್ದರು. ಕೊನೆಗೊಂದು ದಿನ ಬಾಗಿಲಿಗೆ ಕಲ್ಲು ತುಂಬಿ ಮುಚ್ಚಿದರು.

ಹೊರಗೋಡೆಯನ್ನೂ ಗಮನಿಸಿ. ಇಲ್ಲಿನ ಕಲ್ಲು ಹಲಗೆಯಂತೆ ಪದರ ಪದರವಾಗಿ ಬಿಡುತ್ತದೆ, ಗಾರೆ ಇಲ್ಲದೆಯೇ ನಿಲ್ಲುತ್ತದೆ. ಆದರೂ ಗೋಡೆಯ ಒಂದು ಭಾಗದಲ್ಲಿ ಕಲ್ಲುಗಳನ್ನು ಒಂದು ಸಾಲು ಈ ಕಡೆಗೆ, ಮುಂದಿನದು ಆ ಕಡೆಗೆ ಓರೆಯಾಗಿ ಜೋಡಿಸಿದ್ದಾರೆ. ಗೋಡೆ ನಿಲ್ಲಲು ಅದು ಬೇಕಿರಲಿಲ್ಲ, ಚೆಂದಕ್ಕೇ ಮಾಡಿದ್ದು ಅಂತ ನನ್ನ ನಂಬಿಕೆ. ಇಷ್ಟು ಕೆಲಸಕ್ಕೆ ರಾಜನ ಅಪ್ಪಣೆ ಬೇಕಿಲ್ಲ. ಊರಿನವರೆಲ್ಲ ಕೈ ಹಾಕಿದರೆ ಸಾಕು.

ಈಗ ಇದು ಸಂರಕ್ಷಿತ ಸ್ಮಾರಕ. ಒಂದು ಕಲ್ಲನ್ನೂ ತೆಗೆಯುವಂತಿಲ್ಲ. ಅಗೆತ ಮುಗಿದ ಮೇಲೆ ಇಡೀ ಗೋರಿಯ ಮೇಲೆ ಒಂದು ಕಟ್ಟಡವನ್ನೇ ಕಟ್ಟಿದರು. ನೋಡುವವರು ಮೇಲಿನ ಅಟ್ಟಣಿಗೆಯಲ್ಲಿ ನಡೆದು ಒಳಗಿನ ಅಂಕಣಗಳನ್ನು ಇಣುಕಬೇಕು. ಕಟ್ಟಡಕ್ಕೆ ಸೊಬಗಿಲ್ಲ, ನಿಜ. ಆದರೆ ಗೋರಿ ಇರುವುದು ಸಮುದ್ರದ ದಂಡೆಯಲ್ಲೇ. ಆ ಗಾಳಿಮಳೆಗೆ ಬಿಟ್ಟಿದ್ದರೆ ಈ ಚಪ್ಪಡಿಗಳು ಇಷ್ಟು ಚೆನ್ನಾಗಿ ಉಳಿಯುತ್ತಿರಲಿಲ್ಲ.