ಫ್ರೆಂಚರನ್ನು ಕಾಡುವ ಇಂಗ್ಲಿಷಿನ ‘ಡು’

ಓದುಗರ ಪ್ರಶ್ನೆ: ನಾನು ವಿದೇಶಿ ವಿದ್ಯಾರ್ಥಿಗಳಿಗೆ ಆನ್‌ಲೈನಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅವರಲ್ಲಿ ಫ್ರೆಂಚ್ ಮಾತೃಭಾಷೆಯವರಿಗೆ ಶಬ್ದಗಳು ಬಹುಬೇಗ ಹಿಡಿತಕ್ಕೆ ಸಿಗುತ್ತವೆ. ಆದರೆ ಪ್ರಶ್ನೆ ಕೇಳಬೇಕಾದಾಗ ತಡವರಿಸುತ್ತಾರೆ. ಕಾರಣವೇನು? ಎಲ್ಲಿಂದ ತಿದ್ದಬೇಕು?

ಉತ್ತರ: ಶಬ್ದಗಳು ಬೇಗ ಸಿಗುವುದು ಸಹಜ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದು ಸೇರಿದವು. ಪ್ರಶ್ನೆ ಕಟ್ಟುವ ಕ್ರಮದಲ್ಲಿ ಮಾತ್ರ ಇಂಗ್ಲಿಷ್ ತನ್ನದೇ ದಾರಿ ಹಿಡಿಯಿತು.

ನೀನು ಕಾಫಿ ಇಷ್ಟಪಡುತ್ತೀಯಾ ಎಂದು ಕೇಳಲು ಫ್ರೆಂಚಿನಲ್ಲಿ ಮೂರು ದಾರಿಗಳಿವೆ. ಹೇಳಿಕೆಯನ್ನೇ ಕೊನೆಯಲ್ಲಿ ದನಿ ಏರಿಸಿ ‘ತ್ಯು ಎಮ್ ಲ ಕಾಫೆ?’ ಎನ್ನಬಹುದು; ಅದೇ ಹೇಳಿಕೆಯ ಮುಂದೆ ‘ಎಸ್‌ಕ’ ಎಂಬ ಸಿದ್ಧ ನುಡಿಯನ್ನು ಇಡಬಹುದು; ಇಲ್ಲವೇ ಕ್ರಿಯಾಪದವನ್ನು ಸರ್ವನಾಮದ ಹಿಂದಿನಿಂದ ಮುಂದಕ್ಕೆ ತಂದು ‘ಎಮ್ ತ್ಯು’ ಎನ್ನಬಹುದು. ಇವುಗಳಲ್ಲಿ ನಿಜವಾದ ತೊಡಕು ಹುಟ್ಟುವುದು ಎರಡನೆಯದರಿಂದ. ‘ಎಸ್‌ಕ’ ಬಂದರೂ ಮುಂದಿನ ವಾಕ್ಯ ಕದಲುವುದಿಲ್ಲ, ಕಾಲ ಬದಲಾದರೂ ‘ಎಸ್‌ಕ’ದ ರೂಪ ಬದಲಾಗುವುದಿಲ್ಲ. ಫ್ರೆಂಚ್ ವಿದ್ಯಾರ್ಥಿಯು ಇಂಗ್ಲಿಷಿನ ‘ಡು’ವನ್ನೂ ಅಂಥದೇ ಗುರುತು ಎಂದು ಭಾವಿಸಿ ‘ಡು ಯೂ ಆರ್ ಟೈರ್ಡ್?’, ‘ಡು ಯೂ ಕ್ಯಾನ್ ಹೆಲ್ಪ್ ಮಿ?’ ಎನ್ನುತ್ತಾನೆ. ಅವನ ತರ್ಕದಲ್ಲಿ ದೋಷವಿಲ್ಲ, ಆಧಾರ ಮಾತ್ರ ತಪ್ಪು.

ಆದ್ದರಿಂದ ಮೊದಲು ತಿದ್ದಬೇಕಾದದ್ದು ಈ ಕಲ್ಪನೆಯನ್ನು. ‘ಡು’ ಕಾಲವನ್ನೂ ಪುರುಷ ಪ್ರತ್ಯಯವನ್ನೂ ಹೊರುವ ಕ್ರಿಯಾಪದ. ಹಲಗೆಯ ಮೇಲೆ ‘ಶಿ ವರ್ಕ್ಸ್ ಇನ್ ಲಿಯಾನ್’ ಎಂದು ಬರೆದು, ‘ವರ್ಕ್ಸ್’ನ ಕೊನೆಯ ಸಕಾರವನ್ನು ಅಳಿಸಿ ‘ಡು’ಗೆ ಅಂಟಿಸಿ, ‘ಡಸ್ ಶಿ ವರ್ಕ್ ಇನ್ ಲಿಯಾನ್?’ ಆಗುವುದನ್ನು ಅವರ ಕಣ್ಣೆದುರೇ ತೋರಿಸಿ. ‘ಶಿ ವೆಂಟ್’ ಇದ್ದಲ್ಲಿ ಭೂತಕಾಲವೆಲ್ಲ ‘ಡಿಡ್’ಗೆ ಹೋಗುವುದರಿಂದ ‘ಗೋ’ ಮಾತ್ರ ಉಳಿಯುತ್ತದೆ. ಇದು ಮನದಟ್ಟಾದರೆ ‘ಡಿಡ್ ಶಿ ವೆಂಟ್’ ಎಂಬ ತಪ್ಪು ಬಹುಮಟ್ಟಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ವಾಕ್ಯದಲ್ಲಿ ‘ಆರ್’, ‘ಕ್ಯಾನ್’, ‘ವಿಲ್’ ಮೊದಲೇ ಇದ್ದರೆ ಅವೇ ಕರ್ತೃವಿನ ಮುಂದಕ್ಕೆ ಬರುತ್ತವೆ. ಅಲ್ಲಿ ‘ಡು’ಗೆ ಕೆಲಸವಿಲ್ಲ.

ಉತ್ತರವನ್ನು ಪ್ರಶ್ನೆಯಿಂದ ಬೇರ್ಪಡಿಸಿ ಕಲಿಸಬೇಡಿ ಎಂಬುದು ನನ್ನ ಸಲಹೆ. ಫ್ರೆಂಚರಿಗೆ ‘ವಿ’ (ಹೌದು) ಅಥವಾ ‘ನೋಂ’ (ಇಲ್ಲ) ಎಂದರೆ ಸಾಕಾಗುತ್ತದೆ. ಇಂಗ್ಲಿಷಿನಲ್ಲಿ ಬರೀ ‘ಎಸ್’ ಕೆಲವೊಮ್ಮೆ ಮೊಟಕಾಗಿ ಕೇಳಿಸುವುದರಿಂದ, ಪ್ರಶ್ನೆಯಲ್ಲಿದ್ದ ಸಹಾಯಕ ಕ್ರಿಯಾಪದವನ್ನು ಮರಳಿಸಿ ‘ಎಸ್, ಐ ಡು’ ಎನ್ನುವುದು ರೂಢಿ. ನಿಷೇಧಾರ್ಥಕ ಪ್ರಶ್ನೆಗಳಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು. ‘ನಿನಗೆ ಇಷ್ಟವಿಲ್ಲವೇ?’ ಎಂದವರಿಗೆ ‘ಇಷ್ಟವಿದೆ’ ಎಂದು ಎದುರು ಹೇಳಲು ಫ್ರೆಂಚಿನಲ್ಲಿ ‘ಸಿ’ ಎಂಬ ಪ್ರತ್ಯೇಕ ಪದವೇ ಇದೆ. ಇಂಗ್ಲಿಷಿನಲ್ಲಿ ಅದಿಲ್ಲವಾದ್ದರಿಂದ ಆ ಭಾರವನ್ನೂ ‘ಐ ಡು’ ಹೊರಬೇಕು. (ಇಲ್ಲಿ ನಾವೂ ಎಚ್ಚರವಾಗಿರಬೇಕು: ‘ಹೌದು, ಇಷ್ಟವಿಲ್ಲ’ ಎನ್ನುವುದು ಕನ್ನಡದಲ್ಲಿ ಸರಿಯೇ ಆದರೂ ಇಂಗ್ಲಿಷಿನಲ್ಲಿ ‘ನೋ, ಐ ಡೋಂಟ್’ ಎನ್ನಬೇಕಾಗುತ್ತದೆ.)

ಇನ್ನು ಅಷ್ಟೇ ಹಠಮಾರಿಯಾದ ತಪ್ಪೊಂದಿದೆ. ಹಿಂದೆ ಆರಂಭವಾಗಿ ಇಂದಿಗೂ ನಡೆಯುತ್ತಿರುವುದಕ್ಕೆ ಫ್ರೆಂಚ್ ವರ್ತಮಾನಕಾಲವನ್ನೇ ಬಳಸುತ್ತದೆ. ಹಾಗಾಗಿ ಎಷ್ಟು ವರ್ಷಗಳಿಂದ ಇಲ್ಲಿದ್ದೀರಿ ಎಂದು ಕೇಳಲು ಹೊರಟವರು ‘ಹೌ ಲಾಂಗ್ ಡು ಯೂ ಲಿವ್ ಹಿಯರ್?’ ಎನ್ನುತ್ತಾರೆ, ಬೇಕಾದದ್ದು ‘ಹೌ ಲಾಂಗ್ ಹ್ಯಾವ್ ಯೂ ಲಿವ್ಡ್ ಹಿಯರ್?’. ಇದಕ್ಕೆ ನಿಯಮದ ವಿವರಣೆಗಿಂತ, ಊರು, ಉದ್ಯೋಗ, ಪರಿಚಯಗಳ ಬಗ್ಗೆ ಇಬ್ಬಿಬ್ಬರನ್ನು ಕೂರಿಸಿ ಪರಸ್ಪರ ಕೇಳಿಸುವುದೇ ಹೆಚ್ಚು ಫಲ ಕೊಡುತ್ತದೆ. ವಯಸ್ಸನ್ನೂ ಅದರಲ್ಲಿ ಸೇರಿಸಿ, ಏಕೆಂದರೆ ಫ್ರೆಂಚಿನಲ್ಲಿ ವಯಸ್ಸನ್ನು ‘ನನ್ನ ಬಳಿ ಇಷ್ಟು ವರ್ಷಗಳಿವೆ’ ಎಂಬಂತೆ ಹೇಳುವುದರಿಂದ ‘ಐ ಹ್ಯಾವ್ ಟ್ವೆಂಟಿ ಇಯರ್ಸ್’ ಎಂಬ ಉತ್ತರ ಬಂದೇ ಬರುತ್ತದೆ.

‘ಡು ಯೂ ನೋ ವೇರ್ ಈಸ್ ದ ಸ್ಟೇಷನ್?’ ಎಂಬಂಥ ಒಳಪ್ರಶ್ನೆಗಳನ್ನು ಆರಂಭದಲ್ಲಿ ತಿದ್ದಲು ಹೋಗಬೇಡಿ. ಪ್ರಶ್ನೆಯಲ್ಲಿ ಪದಗಳನ್ನು ಹಿಂದುಮುಂದು ಮಾಡಲು ಈಗಷ್ಟೇ ಕಲಿತವರಿಗೆ, ಒಳಗಿನ ಪ್ರಶ್ನೆಯಲ್ಲಿ ಹಾಗೆ ಮಾಡಬಾರದು ಎಂದು ಮರುದಿನವೇ ಹೇಳಿದರೆ ಎರಡೂ ಕಲಸಿಹೋಗುತ್ತವೆ. ನೇರ ಪ್ರಶ್ನೆಗಳು ಯೋಚಿಸದೆ ಬಾಯಿಗೆ ಬರುವಂತಾದ ಮೇಲೆ ಅದನ್ನು ಎತ್ತಿಕೊಳ್ಳಬಹುದು.