ಹಿಮ್ಮಡಿಯ ಮೇಲೊಂದು ಹೆಚ್ಚುವರಿ ಸ್ನಾಯು: ಇದು ಗಡ್ಡೆಯೇ?

ಪ್ರಶ್ನೆ: ನನಗೆ 23 ವರ್ಷ, ಬಸವನಗುಡಿಯಲ್ಲಿ ವಾಸ. ಒಂದು ವರ್ಷದಿಂದ ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ಓಡುತ್ತಿದ್ದೇನೆ. ಈಚೆಗೆ ಬಲಗಾಲಿನ ಹಿಮ್ಮಡಿಯ ಮೇಲೆ, ಒಳಮಗ್ಗುಲಲ್ಲಿ ಮೆತ್ತಗಿನ ಉಬ್ಬು ಕಾಣುತ್ತಿದೆ, ನೋವಿಲ್ಲ. ಎಂಆರ್‌ಐ ವರದಿಯಲ್ಲಿ ‘ಆಕ್ಸೆಸರಿ ಸೋಲಿಯಸ್, ನಾರ್ಮಲ್ ವೇರಿಯೆಂಟ್’ ಎಂದಿದೆ. ಇದು ಗಡ್ಡೆಯೇ? ತೆಗೆಸಬೇಕೇ?

ಉತ್ತರ: ವರದಿ ಹೇಳುತ್ತಿರುವುದು ಗಡ್ಡೆಯನ್ನಲ್ಲ, ಹುಟ್ಟಿನಿಂದಲೇ ನಿಮ್ಮ ಕಾಲಿನಲ್ಲಿರುವ ಹೆಚ್ಚುವರಿ ಸ್ನಾಯುವನ್ನು. ನೋವಿಲ್ಲದಿರುವಾಗ ಅದನ್ನು ತೆಗೆಸುವ ಅಗತ್ಯವಿಲ್ಲ. ಕೊರೊನಾ ಕಾಲದಲ್ಲಿ ‘ವೇರಿಯೆಂಟ್’ ಎಂಬ ಪದಕ್ಕೆ ಅಂಟಿಕೊಂಡ ಭಯವನ್ನು ಇಲ್ಲಿಗೆ ತರಬೇಡಿ. ಅಂಗರಚನಾಶಾಸ್ತ್ರದಲ್ಲಿ ಅದರ ಅರ್ಥ ‘ರಚನೆಯಲ್ಲಿನ ವ್ಯತ್ಯಾಸ’ ಎಂದಷ್ಟೇ.

ಮೀನಖಂಡದಲ್ಲಿ ಮೇಲ್ಪದರವಾಗಿ ಗ್ಯಾಸ್ಟ್ರೊಕ್ನೀಮಿಯಸ್, ಅದರಡಿಯಲ್ಲಿ ಚಪ್ಪಟೆಯಾದ ಸೋಲಿಯಸ್ ಎಂಬ ಸ್ನಾಯುಗಳಿದ್ದು, ಎರಡೂ ಕೆಳಗೆ ಅಕಿಲಿಸ್ ಎಂಬ ದಪ್ಪ ಸ್ನಾಯುರಜ್ಜುವಾಗಿ, ಅಂದರೆ ಟೆಂಡನ್ ಆಗಿ, ಹಿಮ್ಮಡಿಯ ಮೂಳೆಗೆ ಅಂಟಿಕೊಳ್ಳುತ್ತವೆ. ಆ ರಜ್ಜುವಿನ ಮುಂದಿನ ತ್ರಿಕೋನಾಕಾರದ ಜಾಗದಲ್ಲಿ ಸಾಮಾನ್ಯವಾಗಿ ಕೊಬ್ಬು ಇರುತ್ತದೆ. ಕೆಲವರಲ್ಲಿ ಅಲ್ಲಿಗೆ ಇನ್ನೊಂದು ಸ್ನಾಯು ಇಳಿದುಬಂದಿರುತ್ತದೆ. ಅದೇ ಆಕ್ಸೆಸರಿ ಸೋಲಿಯಸ್. ಇದು ಶೇ. 0.7ರಿಂದ 5.5ರಷ್ಟು ಜನರಲ್ಲಿ ಇರುತ್ತದೆಂದು ವೈದ್ಯಕೀಯ ಬರಹಗಳಲ್ಲಿ ಸಾಮಾನ್ಯವಾಗಿ ಹೇಳಲಾಗುತ್ತದೆ. ಹುಟ್ಟಿನಿಂದ ಇದ್ದದ್ದು ಈಗೇಕೆ ಕಂಡಿತು ಎಂದರೆ, ಓಡುವವರ ಇತರ ಸ್ನಾಯುಗಳಂತೆ ಇದೂ ವ್ಯಾಯಾಮದಿಂದ ಮೈತುಂಬಿಕೊಳ್ಳುತ್ತದೆ.

ಗೋಡೆ ಹಿಡಿದು ತುದಿಗಾಲಿನ ಮೇಲೆ ನಿಂತು, ಆ ಉಬ್ಬಿನ ಮೇಲೆ ಬೆರಳಿಟ್ಟು ನೋಡಿ. ಸ್ನಾಯುವಾದರೆ ಗಟ್ಟಿಯಾಗುತ್ತದೆ, ಹಿಮ್ಮಡಿ ನೆಲಕ್ಕಿಟ್ಟು ಕಾಲು ಸಡಿಲಬಿಟ್ಟಾಗ ಮತ್ತೆ ಮೆತ್ತಗಾಗುತ್ತದೆ. ಆದರೆ ಈ ಪರೀಕ್ಷೆ ಎಂಆರ್‌ಐಗೆ ಬದಲಿಯಲ್ಲ. ಉಬ್ಬು ಪಕ್ಕದ ಸ್ನಾಯುಗಳ ಬಣ್ಣದಲ್ಲೇ ಕಾಣುತ್ತಿದೆ ಎಂಬುದನ್ನು ಆ ಚಿತ್ರವೇ ತೋರಿಸಬೇಕು.

ಕೆಲವರಿಗೆ ಮಾತ್ರ ಇದು ತೊಂದರೆ ಕೊಡುತ್ತದೆ. ತನ್ನದೇ ಬಿಗಿಯಾದ ಪೊರೆಯೊಳಗಿರುವ ಈ ಸ್ನಾಯು ಓಡುವಾಗ ಊದಿಕೊಂಡು, ರಕ್ತ ಸಾಲದೆ ನೋಯಬಹುದು. ಹತ್ತಿರದಲ್ಲೇ ಹಾದುಹೋಗುವ ಟಿಬಿಯಲ್ ನರವನ್ನು ಒತ್ತಿದರೆ ಅಂಗಾಲಿನಲ್ಲಿ ಜೋಮು ಹಿಡಿಯಬಹುದು. ಆಗಲೂ ಮೊದಲು ಮಾಡುವುದು ಓಟದ ದೂರ ಇಳಿಸುವುದು ಮತ್ತು ಫಿಸಿಯೊಥೆರಪಿ. ಪೊರೆ ಬಿಡಿಸುವ ಅಥವಾ ಸ್ನಾಯು ತೆಗೆಯುವ ಶಸ್ತ್ರಚಿಕಿತ್ಸೆ ಬಹಳ ಕೊನೆಯ ಮಾತು.

ಮೊಣಕಾಲಿನ ಕೆಳಗೆ ಇಂಥ ವ್ಯತ್ಯಾಸಗಳು ಇನ್ನೂ ಇವೆ. ಪಠ್ಯಪುಸ್ತಕದ ಚಿತ್ರವೆಂಬುದು, ನನ್ನ ದೃಷ್ಟಿಯಲ್ಲಿ, ಬಹುಮತದಿಂದ ಗೆದ್ದ ಚಿತ್ರ. ಪ್ಲಾಂಟಾರಿಸ್ ಸ್ನಾಯುವನ್ನೇ ನೋಡಿ: ಮೊಣಕಾಲಿನ ಹಿಂದೆ ಬೆರಳುದ್ದದ ಸ್ನಾಯು, ಅಲ್ಲಿಂದ ಹಿಮ್ಮಡಿಯವರೆಗೆ ಹುರಿದಾರದಂತೆ ಇಳಿಯುವ ತೆಳು ರಜ್ಜು. ಶವಚ್ಛೇದನದ ಮೇಜಿನ ಮುಂದೆ ಹೊಸ ವಿದ್ಯಾರ್ಥಿಗಳು ಇದನ್ನು ನರವೆಂದೇ ತಿಳಿದು ಮೋಸಹೋಗುತ್ತಾರೆ. ಹತ್ತಿರ ಹತ್ತಿರ ಶೇ. 7ರಿಂದ 10ರಷ್ಟು ಕಾಲುಗಳಲ್ಲಿ ಅದು ಇರುವುದೇ ಇಲ್ಲ, ಇಲ್ಲದವರಿಗೆ ಅದರ ಕೊರತೆ ಗೊತ್ತೂ ಆಗುವುದಿಲ್ಲ. ಇದ್ದವರ ರಜ್ಜುವನ್ನು ಶಸ್ತ್ರವೈದ್ಯರು ತೆಗೆದು, ಕೈಯ ತುಂಡಾದ ರಜ್ಜುವನ್ನು ಸರಿಪಡಿಸಲು ಬಳಸುವುದುಂಟು.

ಪಾದದ ಹೊರ ಅಂಚನ್ನು ಮೇಲೆತ್ತುವ ಪೆರೋನಿಯಸ್ ಟೆರ್ಷಿಯಸ್ ಕೂಡ ಎಲ್ಲರಲ್ಲಿಲ್ಲ. ಇದಕ್ಕೆ ವಿರುದ್ಧವಾಗಿ, ಪಾದದ ಗಂಟಿನ ಹೊರಮಗ್ಗುಲಲ್ಲಿ ಮೂಳೆಯ ಹಿಂದಿನ ಕಾಲುವೆಯಂಥ ಜಾಗದಲ್ಲಿ ಕೆಲವರಿಗೆ ಪೆರೋನಿಯಸ್ ಕ್ವಾರ್ಟಸ್ ಎಂಬ ಹೆಚ್ಚುವರಿ ಸ್ನಾಯು ಇದ್ದು, ಅಲ್ಲಿ ಮೊದಲೇ ಇರುವ ಎರಡು ರಜ್ಜುಗಳಿಗೆ ಜಾಗ ಸಾಲದಂತೆ ಮಾಡಿ, ಅವು ಸವೆಯಲು ಕಾರಣವಾಗಬಹುದು. ಪದೇಪದೇ ಕಾಲು ಉಳುಕುವವರಲ್ಲಿ ಈ ಸಾಧ್ಯತೆಯನ್ನೂ ನೋಡುವುದು ಒಳ್ಳೆಯದು.

ನಿಮ್ಮ ವಿಷಯಕ್ಕೆ ಬಂದರೆ, ಓಟ ಮುಂದುವರಿಸಿ. ಉಬ್ಬು ಬೇಗಬೇಗ ಬೆಳೆದರೆ, ವಿಶ್ರಾಂತಿಯಲ್ಲಿಯೂ ಅಥವಾ ರಾತ್ರಿಯಲ್ಲಿ ನೋವು ಬಂದರೆ, ಅಂಗಾಲು ಮರಗಟ್ಟಿದರೆ ಮೂಳೆ ತಜ್ಞರನ್ನು ಮತ್ತೆ ಕಾಣಿ. ಎಂಆರ್‌ಐ ಚಿತ್ರಗಳನ್ನು ಜೋಪಾನವಾಗಿಡಿ. ಮುಂದೆಂದಾದರೂ ಆ ಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಬೇಕಾದಾಗ, ಅಲ್ಲೊಂದು ಹೆಚ್ಚುವರಿ ಸ್ನಾಯು ಇದೆಯೆಂದು ವೈದ್ಯರಿಗೆ ಮೊದಲೇ ತಿಳಿದಿರಬೇಕು.